ಇಕ್ಕಳ ಯಾರ ಕೈಯಲ್ಲಿದೆ

ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ನನ್ನ ಆಫೀಸಿನ ಹಿಂದಿನ ಬೀದಿಗೆ ಸಂಜೆ ಆರರ ಮೇಲೆ ಕಾಲಿಟ್ಟರೆ ಸಾಕು, ಹಂದಿಯ ನೆಣ ಕೆಂಡಕ್ಕೆ ಬೀಳುವ ವಾಸನೆ ಮೂಗಿಗೆ ಹೊಡೆಯುತ್ತದೆ. ಬೀದಿಯುದ್ದಕ್ಕೂ ಮಾಂಸ ಸುಟ್ಟು ತಿನ್ನುವ ಅಂಗಡಿಗಳು. ನಾನು ಮಡಿಕೇರಿ ಕಡೆಯವಳು. ಹಂದಿಮಾಂಸ ನಮ್ಮ ಮನೆಯಲ್ಲಿ ಹಬ್ಬಕ್ಕೂ ಬೇಕು, ಮದುವೆಗೂ ಬೇಕು. ಹಾಗಾಗಿ ಈ ದೇಶಕ್ಕೆ ಬರುವಾಗ ಊಟದ ಚಿಂತೆ ಅಷ್ಟಾಗಿ ಇರಲಿಲ್ಲ. ಇಲ್ಲಿ ಕೂತು ತಿನ್ನುತ್ತಾ ತಿನ್ನುತ್ತಾ ಮಾಂಸದ ಜೊತೆಗೆ ಇನ್ನೊಂದು ಸಂಗತಿ ಬಹಳ ಇಷ್ಟವಾಯಿತು. ಟೇಬಲ್‌ನಲ್ಲಿ ಒಬ್ಬರು ಇಕ್ಕಳ ಹಿಡಿದು ಉಳಿದವರಿಗೆಲ್ಲ ಸುಟ್ಟು ಹಾಕುವ ಪದ್ಧತಿ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಅಂಗಡಿ ಹೇಗಿರುತ್ತದೆ ಹೇಳುತ್ತೇನೆ. ನಾವು ಹೆಚ್ಚಾಗಿ ಹೋಗುವುದು ದೊಡ್ಡ ಹೋಟೆಲಿಗೆ ಅಲ್ಲ, ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಸಣ್ಣ ಜಾಗಕ್ಕೆ. ತಗಡಿನ ಡ್ರಮ್ ಮೇಲೆ ದುಂಡನೆಯ ಟೇಬಲ್, ನಡುವೆ ಒಲೆಗೆ ತೂತು. ಕೂರುವ ಸ್ಟೂಲಿನ ಮುಚ್ಚಳ ತೆಗೆದರೆ ಒಳಗೆ ಟೊಳ್ಳು. ಕೋಟು, ಚೀಲ ಎಲ್ಲವನ್ನೂ ಅದರೊಳಗೆ ಹಾಕಿ ಮುಚ್ಚಿ ಅದರ ಮೇಲೇ ಕೂರುವುದು. ಹೊಗೆಯ ವಾಸನೆ ಬಟ್ಟೆಗೆ ಹತ್ತದಿರಲಿ ಅಂತ ಈ ಏರ್ಪಾಡು. ಸೂರಿನಿಂದ ಒಂದೊಂದು ಟೇಬಲ್‌ಗೂ ಒಂದೊಂದು ಹೊಗೆ ಕೊಳವೆ ಇಳಿಬಿದ್ದಿರುತ್ತದೆ. ಅದನ್ನು ಕೈಯಿಂದ ಕೆಳಗೆ ಎಳೆದು ಒಲೆಯ ಹತ್ತಿರ ತಂದುಕೊಳ್ಳಬಹುದು. ಕೇಳಿದರೆ ಏಪ್ರನ್ ಕೊಡುತ್ತಾರೆ. ಚಮಚ, ಚಾಪ್‌ಸ್ಟಿಕ್ ಬೇಕಾದರೆ ಹುಡುಕಬೇಡಿ. ಎಷ್ಟೋ ಕಡೆ ಟೇಬಲ್‌ನ ಪಕ್ಕದಲ್ಲೇ ಡ್ರಾಯರ್ ಇರುತ್ತದೆ.

ಕೂತ ಎರಡೇ ನಿಮಿಷಕ್ಕೆ ಸಣ್ಣ ಸಣ್ಣ ಬಟ್ಟಲುಗಳು ಬಂದು ಟೇಬಲ್ ತುಂಬುತ್ತದೆ. ಕಿಮ್ಚಿ ಅಂದರೆ ಖಾರ ಹಾಕಿ ಹುಳಿಸಿದ ಕೋಸು, ಖಾರ ಕಲಸಿದ ಈರುಳ್ಳಿ ಸೊಪ್ಪು, ಮೊಳಕೆ ಕಾಳು, ಮೂಲಂಗಿ ಉಪ್ಪಿನಕಾಯಿ, ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಬುಟ್ಟಿ ಎಲೆ. ಇದಕ್ಕೆಲ್ಲ ಬಾನ್‌ಚಾನ್ ಅನ್ನುತ್ತಾರೆ. ದುಡ್ಡು ಬೇರೆ ಇಲ್ಲ, ಖಾಲಿಯಾದರೆ ಮತ್ತೆ ಕೊಡುತ್ತಾರೆ. ಅಂಗಡಿಯ ಹೆಂಗಸನ್ನು ಎಲ್ಲರೂ 'ಇಮೊ' ಅಂತ ಕರೆಯುತ್ತಾರೆ, ಅಂದರೆ ತಾಯಿಯ ಅಕ್ಕತಂಗಿ. ನಾನೂ ಹಾಗೇ ಕರೆಯುತ್ತೇನೆ. ನನಗೆ ಹಸಿಮೆಣಸಿನಕಾಯಿ ಜಾಸ್ತಿ ಬೇಕು ಅಂತ ಅವರಿಗೆ ಗೊತ್ತು.

ನಾವು ತಿನ್ನುವುದು ಹೆಚ್ಚಾಗಿ ಸಾಮ್‌ಗ್ಯೊಪ್ಸಾಲ್. ಹಂದಿಯ ಹೊಟ್ಟೆಯ ಭಾಗ. ನೆಣ, ಮಾಂಸ, ನೆಣ ಹೀಗೆ ಪದರ ಪದರವಾಗಿ ಇರುತ್ತದೆ. ಮಸಾಲೆ ಇಲ್ಲ, ನೆನೆಸುವುದಿಲ್ಲ, ಸುಮ್ನೆ ದಪ್ಪ ಹಾಳೆ. ಒಬ್ಬರ ಪಾಲು ಅಂದರೆ ಅಂಗಡಿಯಿಂದ ಅಂಗಡಿಗೆ 150 ಗ್ರಾಂನಿಂದ 200 ಗ್ರಾಂ. ಇದು ಬೇರೆ ಬೇರೆ ಆಗಿರುವುದರಿಂದ ಬೆಲೆ ಹೋಲಿಸುವುದು ಕಷ್ಟ. ಅದಕ್ಕೇ 2013ರಿಂದ 100 ಗ್ರಾಂಗೆ ಎಷ್ಟು ಅಂತ ಬರೆದು ಹಾಕಬೇಕು ಎಂಬ ನಿಯಮ ಬಂದಿದೆ. ಹೊಸದಾಗಿ ಬಂದವರಿಗೆ ನಾನು ಹೇಳುವುದು ಆ ಅಂಕಿಯನ್ನೇ ನೋಡಿ ಅಂತ. ಮಾರ್ಚ್ 3ಕ್ಕೆ ಸಾಮ್‌ಗ್ಯೊಪ್ಸಾಲ್ ದಿನ ಅಂತಲೇ ಮಾಡುತ್ತಾರೆ. ಅವರ ಭಾಷೆಯಲ್ಲಿ ಮೂರಕ್ಕೆ 'ಸಾಮ್', ಹಾಗಾಗಿ ಮೂರನೇ ತಿಂಗಳ ಮೂರನೇ ದಿನ. ಹಂದಿ ಸಾಕುವವರಿಗೆ ನೆರವಾಗಲಿ ಅಂತ ಶುರುವಾದದ್ದು. ಅವತ್ತು ಸೂಪರ್ ಮಾರ್ಕೆಟ್‌ಗಳಲ್ಲಿ ಮಾಂಸ ಅಗ್ಗ, ಸಾಲೂ ಉದ್ದ.

ಈಗ ಇಕ್ಕಳಕ್ಕೆ ಬರುತ್ತೇನೆ.

ಮಾಂಸದ ಜೊತೆ ಟೇಬಲ್‌ಗೆ ಬರುವ ಸಲಕರಣೆ ಎರಡೇ, ಇಕ್ಕಳ ಮತ್ತು ಕತ್ತರಿ. ಯಾರಾದರೂ ಒಬ್ಬರು ಅದನ್ನು ಎತ್ತಿಕೊಳ್ಳಲೇಬೇಕು. ಆಫೀಸಿನ ಊಟವಾದರೆ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವರು ಕೈ ಹಾಕುತ್ತಾರೆ. ಹಿರಿಯರಿಗೆ ಸುಟ್ಟು ಬಡಿಸುವುದು ಮರ್ಯಾದೆ. ನಮ್ಮ ಗುಂಪಿನಲ್ಲಿ ಮಾತ್ರ ಉಲ್ಟಾ. ನಮ್ಮ ಟೀಮಿನ ಮುಖ್ಯಸ್ಥರು, ಐವತ್ತು ದಾಟಿದವರು, ಇಕ್ಕಳವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹೊಸ ಹುಡುಗರು ಎರಡೂ ಕೈ ಚಾಚಿ ಕೇಳುತ್ತಾರೆ. ಅವರು ತಲೆ ಅಲ್ಲಾಡಿಸಿ 'ನೀವು ತಿನ್ನಿ' ಅನ್ನುತ್ತಾರೆ.

ಅವರು ಸುಡುವುದನ್ನು ನೋಡಿಯೇ ನಾನು ಕಲಿತದ್ದು. ಕಾವಲಿ ಚೆನ್ನಾಗಿ ಕಾಯುವ ತನಕ ಮಾಂಸ ಇಡುವುದಿಲ್ಲ. ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದು ನೋಡುತ್ತಾರೆ. ಇಟ್ಟ ಮೇಲೆ ಮುಟ್ಟುವುದಿಲ್ಲ. ನಾವೆಲ್ಲ ಆತುರಕ್ಕೆ ಮತ್ತೆ ಮತ್ತೆ ಮಗುಚುತ್ತೇವೆ. ಹಾಗೆ ಮಗುಚಿದರೆ ಮೇಲ್ಮೈ ಕೆಂಪಾಗುವ ಮೊದಲೇ ಮಾಂಸ ಬೆಂದ ಹಾಗಾಗುತ್ತದೆ, ಸುಟ್ಟ ಹಾಗಾಗುವುದಿಲ್ಲ. ಅವರು ಒಂದು ಬದಿ ಕಂದು ಬಣ್ಣ ಬರುವ ತನಕ ಕಾಯುತ್ತಾರೆ, ಒಮ್ಮೆ ಮಗುಚುತ್ತಾರೆ, ಆಮೇಲೆ ಕತ್ತರಿಯಿಂದ ಬೆರಳಗಲಕ್ಕೆ ಕತ್ತರಿಸಿ, ಕತ್ತರಿಸಿದ ಅಂಚುಗಳನ್ನೂ ನಿಲ್ಲಿಸಿ ಸುಡುತ್ತಾರೆ. ಕಾವಲಿ ಸ್ವಲ್ಪ ಓರೆಯಾಗಿರುತ್ತದೆ. ಕರಗಿದ ನೆಣ ತಗ್ಗಿನ ಕಡೆ ಹರಿದು ಹೋಗುತ್ತದೆ. ಅಲ್ಲಿ ಕಿಮ್ಚಿ ಮತ್ತು ಮೊಳಕೆ ಹಾಸಿರುತ್ತಾರೆ. ಹುಳಿ ಬಂದ ಹಳೆ ಕಿಮ್ಚಿ ಆ ನೆಣದಲ್ಲಿ ಹುರಿದಾಗ ಬರುವ ರುಚಿಗೆ ನಾನು ಸೋತಿದ್ದೇನೆ. ನನ್ನನ್ನು ಕೇಳಿದರೆ ಮಾಂಸಕ್ಕಿಂತ ಅದೇ ಒಂದು ಹಿಡಿ ಮೇಲು.

ಕೆಂಡದ ಒಲೆ ಇರುವ ಅಂಗಡಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಕಾವಲಿ ಬದಲು ಸರಳಿನ ಜಾಲರಿ. ನೆಣ ನೇರ ಕೆಂಡಕ್ಕೆ ಬಿದ್ದು ಬೆಂಕಿ ಭಗ್ಗನೆ ಏಳುತ್ತದೆ, ಆದ್ದರಿಂದ ಮಾಂಸವನ್ನು ಅಂಚಿಗೆ ಸರಿಸುತ್ತಾ ಇರಬೇಕು. ಕೆಂಡಕ್ಕೆ ಮೋಕ್ಸಾಲ್ ಒಳ್ಳೆಯದು, ಅದು ಹಂದಿಯ ಕತ್ತಿನ ಮಾಂಸ, ನೆಣ ಕಡಿಮೆ. ಇನ್ನೊಂದು ಹಾಂಗ್‌ಜೊಂಗ್ಸಾಲ್ ಅಂತ, ದವಡೆಯ ಕೆಳಗಿನ ಭಾಗ. ಅಗಿದರೆ ಕರುಂ ಅನ್ನುತ್ತದೆ. ಒಂದು ಹಂದಿಯಲ್ಲಿ ಸಿಗುವುದೇ ಸ್ವಲ್ಪ, ಅದಕ್ಕೆ ಬೆಲೆಯೂ ಜಾಸ್ತಿ.

ಇಷ್ಟೆಲ್ಲ ಸುಡುವವರು ತಿನ್ನುವುದು ಯಾವಾಗ? ಇದೇ ನನಗೆ ಮುಖ್ಯ ಅನ್ನಿಸುವ ಮಾತು. ಇಕ್ಕಳ ಹಿಡಿದವರಿಗೆ ಪುರುಸೊತ್ತು ಇರುವುದಿಲ್ಲ. ಬೆಂದ ತುಂಡುಗಳನ್ನು ಬೇರೆಯವರ ಮುಂದೆ ತಳ್ಳುತ್ತಲೇ ಇರುತ್ತಾರೆ. ಹಾಗಾಗಿ ಪಕ್ಕದಲ್ಲಿ ಕೂತವರು ಅವರಿಗೆ ಎಲೆ ಕಟ್ಟಿ ಕೊಡುತ್ತಾರೆ. ಅಂಗೈ ಮೇಲೆ ಒಂದು ಲೆಟಿಸ್ ಎಲೆ, ಅದರ ಮೇಲೆ ಕೆನ್ನಿಪ್ ಅಂತ ಘಮಘಮ ಅನ್ನುವ ಇನ್ನೊಂದು ಎಲೆ, ಒಂದು ತುಂಡು ಮಾಂಸ, ಸಮ್‌ಜಾಂಗ್ ಅನ್ನುವ ಸೋಯಾ ಮತ್ತು ಮೆಣಸಿನ ಗೊಜ್ಜು ಒಂದಿಷ್ಟು, ಸುಟ್ಟ ಬೆಳ್ಳುಳ್ಳಿ ಒಂದು ಎಸಳು, ಒಂದು ಚೂರು ಹುರಿದ ಕಿಮ್ಚಿ. ವೀಳ್ಯ ಮಡಚಿದ ಹಾಗೆ ಮಡಚಿ ಒಂದೇ ತುತ್ತಿಗೆ ಬಾಯಿಗೆ ಇಡುವುದು. ಕಚ್ಚಿ ಕಚ್ಚಿ ತಿಂದರೆ ಎಲ್ಲ ಬಿಚ್ಚಿಕೊಂಡು ಸೋರುತ್ತದೆ. ಇಕ್ಕಳ ಹಿಡಿದವರ ಕೈ ಖಾಲಿ ಇರುವುದಿಲ್ಲವಲ್ಲ, ನೇರ ಬಾಯಿಗೇ ಕೊಡುತ್ತಾರೆ.

ಆಫೀಸಿನಲ್ಲಿ ಬಿಗಿಯಾಗಿ ಮಾತಾಡುವವರು, ಮೀಟಿಂಗಿನಲ್ಲಿ ಒಂದು ಅಂಕಿ ತಪ್ಪಿದರೂ ಬಿಡದವರು, ಇಲ್ಲಿ ಬಾಯಿ ತೆರೆದು ಕಿರಿಯ ಹುಡುಗಿಯ ಕೈಯಿಂದ ತುತ್ತು ತೆಗೆದುಕೊಳ್ಳುತ್ತಾರೆ. ನಾನು ಮೊದಲ ಸಲ ಅವರಿಗೆ ಕಟ್ಟಿಕೊಟ್ಟಾಗ ಎರಡು ಹಸಿಮೆಣಸಿನ ಚೂರು ಹಾಕಿದ್ದೆ. ತಿಂದು ಹೆಬ್ಬೆರಳು ಎತ್ತಿದರು. ಆಮೇಲಿಂದ ಅವರ ಪಕ್ಕದ ಸ್ಟೂಲು ನನ್ನದು. ಭಾಷೆ ಸರಿಯಾಗಿ ಬಾರದ ಕಾಲದಲ್ಲಿ ಎಲೆ ಕಟ್ಟುವ ಈ ಕೆಲಸ ನನಗೆ ಆ ಗುಂಪಿನಲ್ಲಿ ಒಂದು ಜಾಗ ಕೊಟ್ಟಿತು. ಇದನ್ನು ನಾನು ಮರೆಯುವುದಿಲ್ಲ.

ಸೋಜು ಅನ್ನುವ ಇಲ್ಲಿನ ಮದ್ಯ ಕುಡಿಯುವವರಿಗೂ ಇದೇ ರೀತಿ. ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರು ಸುರಿಯಬೇಕು. ಹಿರಿಯರಿಗೆ ಎರಡು ಕೈಯಲ್ಲಿ ಸುರಿಯುತ್ತಾರೆ, ಅವರ ಮುಂದೆ ಕುಡಿಯುವಾಗ ಮುಖ ಆ ಕಡೆ ತಿರುಗಿಸುತ್ತಾರೆ. ನಾನು ಕುಡಿಯುವುದಿಲ್ಲ. ಸೈಡರ್ ಕೇಳುತ್ತೇನೆ. ಇಲ್ಲಿ ಸೈಡರ್ ಅಂದರೆ ನಿಂಬೆ ರುಚಿಯ ಸೋಡಾ, ಮದ್ಯ ಅಲ್ಲ. ಅದನ್ನೂ ಸೋಜು ಲೋಟಕ್ಕೇ ಸುರಿದು ಎಲ್ಲರ ಜೊತೆ ತಾಗಿಸುತ್ತಾರೆ.

ಸುವಾನ್‌ಗೆ ನಿಜವಾಗಿ ಹೆಸರು ಬಂದಿರುವುದು ಹಂದಿಯಿಂದ ಅಲ್ಲ, ಗಾಲ್ಬಿಯಿಂದ. ಗಾಲ್ಬಿ ಅಂದರೆ ಪಕ್ಕೆಲುಬು, ಈ ಊರಿನದು ದನದ್ದು. ಊರಿನ ನಡುವೆ ಹ್ವಾಸೊಂಗ್ ಕೋಟೆ ಇದೆ. ಜೊಂಗ್ಜೊ ಎಂಬ ರಾಜ 1794ರಿಂದ 1796ರ ನಡುವೆ ಕಟ್ಟಿಸಿದ್ದು, 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೋಟೆಯ ಸುತ್ತ ಬೇಸಾಯ ಬೆಳೆಯಲಿ ಅಂತ ರಾಜ ರೈತರಿಗೆ ಎತ್ತುಗಳನ್ನು ಕೊಡಿಸಿದ, ಎತ್ತು ಹೆಚ್ಚಾದಂತೆ ಇಲ್ಲಿ ದೊಡ್ಡ ದನದ ಸಂತೆ ಬೆಳೆಯಿತು, ಸಂತೆಯಿಂದ ಗಾಲ್ಬಿ ಬಂತು ಅಂತ ಊರಿನವರು ಹೇಳುತ್ತಾರೆ. ಬೇರೆ ಕಡೆ ಸೋಯಾ ಸಾಸಿನಲ್ಲಿ ನೆನೆಸಿದರೆ ಇಲ್ಲಿ ಉಪ್ಪು ಹಾಕಿ ನೆನೆಸುತ್ತಾರೆ. ಎಲುಬೂ ದೊಡ್ಡದು. ನಮ್ಮ ಮನೆಯಲ್ಲಿ ದನದ ಮಾಂಸ ತಿನ್ನುವುದಿಲ್ಲ, ನಾನೂ ತಿಂದಿಲ್ಲ. ಆದರೂ ಈ ಊರಿನವರು ಗಾಲ್ಬಿ ಬಗ್ಗೆ ಮಾತಾಡುವಾಗ ಅವರ ಮುಖದಲ್ಲಿ ಕಾಣುವ ಹೆಮ್ಮೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನನ್ನ ಹಾಗೆ ದನ ತಿನ್ನದವರು ಮೊದಲು ಕಲಿಯಬೇಕಾದ ಪದ 'ಸೋಗೊಗಿ'. ದನದ ಮಾಂಸಕ್ಕೆ ಹಾಗೆ ಅನ್ನುತ್ತಾರೆ. ಹಂದಿಗೆ 'ದ್ವೇಜಿಗೊಗಿ'. ಗಾಲ್ಬಿ ರುಚಿ ನೋಡಬೇಕು ಅನ್ನಿಸಿದರೆ ದ್ವೇಜಿ ಗಾಲ್ಬಿ ಕೇಳಿ, ಹಂದಿಯ ಪಕ್ಕೆಲುಬನ್ನು ಸೋಯಾ, ಬೆಳ್ಳುಳ್ಳಿ, ಸಕ್ಕರೆ ಹಾಕಿ ನೆನೆಸಿದ್ದು. ಆದರೆ ಅದನ್ನು ಮೊದಲೇ ಸುಡಬೇಡಿ. ಸಕ್ಕರೆ ಬೇಗ ಸೀಯುತ್ತದೆ, ಜಾಲರಿ ಕಪ್ಪಾಗುತ್ತದೆ. ಮಸಾಲೆ ಇಲ್ಲದ್ದು ಮೊದಲು, ನೆನೆಸಿದ್ದು ಆಮೇಲೆ. ಸೀದರೆ ಜಾಲರಿ ಬದಲಿಸಿ ಕೊಡಿ ಅಂತ ಕೇಳಲು ಸಂಕೋಚ ಬೇಡ, 'ಬುಲ್‌ಪಾನ್' ಅಂದರೆ ಸಾಕು, ಹೊಸದು ತಂದು ಇಡುತ್ತಾರೆ. ಊಟದ ಕೊನೆಗೆ ನೆಂಗ್‌ಮ್ಯೊನ್ ಎಂಬ ತಣ್ಣನೆ ಶಾವಿಗೆ ತಿನ್ನುವ ರೂಢಿ ಇದೆ. ಅದರ ತಿಳಿಸಾರು ಸಾಮಾನ್ಯವಾಗಿ ದನದ್ದು. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಒಬ್ಬರೇ ಹೋಗುವುದು ಕಷ್ಟ. ಬಹಳ ಅಂಗಡಿಗಳಲ್ಲಿ ಕನಿಷ್ಠ ಎರಡು ಪಾಲು ತೆಗೆದುಕೊಳ್ಳಬೇಕು. ಒಬ್ಬರೇ ಬಂದರೆ ಕೆಲವರು ಜಾಗವನ್ನೇ ಕೊಡುವುದಿಲ್ಲ, ನನಗೂ ಹಾಗಾಗಿದೆ. ಈಚೆಗೆ ಒಬ್ಬೊಬ್ಬರಿಗೇ ಸಣ್ಣ ಒಲೆ ಇಟ್ಟುಕೊಡುವ ಅಂಗಡಿಗಳು ಬಂದಿವೆ. ಹೋಗಿದ್ದೇನೆ. ಮಾಂಸ ಚೆನ್ನಾಗಿಯೇ ಇತ್ತು. ಸುಟ್ಟು ಹಾಕಲು ಎದುರಿಗೆ ಯಾರೂ ಇಲ್ಲದೆ ಊಟ ಬೇಗ ಮುಗಿದುಹೋಯಿತು.

ಸಸ್ಯಾಹಾರಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಆಫೀಸಿಗೆ ತುಮಕೂರಿನ ಹುಡುಗಿಯೊಬ್ಬಳು ಬಂದಳು, ಮೊಟ್ಟೆಯನ್ನೂ ತಿನ್ನುವವಳಲ್ಲ. ಟೀಮಿನ ಊಟಕ್ಕೆ ಕರೆದಾಗ, 'ಅಕ್ಕ, ನಾನು ಬಂದರೆ ಎಲ್ಲರಿಗೂ ಇರಿಸುಮುರಿಸು ಆಗಲ್ವಾ?' ಅಂತ ಕೇಳಿದಳು. 'ಬೇಡ ಅನ್ನಿಸಿದರೆ ಬರಬೇಡ, ನಾನು ಹೇಳಿಕೊಳ್ತೀನಿ' ಅಂದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಮಾಂಸ ಸುಡುವ ಒಲೆಯ ಮುಂದೆ ಎರಡು ಗಂಟೆ ಕೂರು ಅಂತ ಸಸ್ಯಾಹಾರಿಯನ್ನು ಒತ್ತಾಯ ಮಾಡಬಾರದು, ಸೌಜನ್ಯಕ್ಕೂ ಮಾಡಬಾರದು. ಅವಳು ಬರುತ್ತೇನೆ ಅಂದಳು. ನಾನು ಮಧ್ಯಾಹ್ನವೇ ಅಂಗಡಿಗೆ ಹೋಗಿ ಇಮೊ ಹತ್ತಿರ ಮಾತಾಡಿ ಬಂದೆ. ಅಲ್ಲಿ ಗೊತ್ತಾಗಿದ್ದು: ಕಿಮ್ಚಿಯಲ್ಲಿ ಉಪ್ಪು ಹಾಕಿ ಹುಳಿಸಿದ ಸೀಗಡಿ ಇದೆ. ದ್ವೆನ್‌ಜಾಂಗ್ ಜಿಗೆ ಅನ್ನುವ ಸೋಯಾ ಗೊಜ್ಜಿನ ಸಾರು ಒಣ ಮೀನಿನ ನೀರಿನಲ್ಲಿ ಕುದಿಸಿದ್ದು. ಮಡಕೆಯಲ್ಲಿ ಉಬ್ಬಿ ಬರುವ ಮೊಟ್ಟೆಯಂತೂ ಆಗುವುದಿಲ್ಲ. ಉಳಿದದ್ದು ಅನ್ನ, ಎಲೆಗಳು, ಬೆಳ್ಳುಳ್ಳಿ, ಮೆಣಸಿನಕಾಯಿ, ಅಣಬೆ.

ಇಮೊ ಅವತ್ತು ಅವಳಿಗೆ ಅಂತ ಗ್ಯಾಸಿನ ಸಣ್ಣ ಒಲೆ ಬೇರೆ ತಂದಿಟ್ಟರು, ತೊಳೆದ ಬೇರೆ ಕಾವಲಿ, ಬೇರೆ ಇಕ್ಕಳ. ದಪ್ಪ ಕಾಂಡದ ಅಣಬೆಯನ್ನು ಉದ್ದಕ್ಕೆ ಸೀಳಿ, ಎಳ್ಳೆಣ್ಣೆ ಮತ್ತು ಉಪ್ಪು ಸವರಿ ಕೊಟ್ಟರು. ಬೆಳ್ಳುಳ್ಳಿಯನ್ನು ಪುಟ್ಟ ಬಟ್ಟಲಲ್ಲಿ ಎಳ್ಳೆಣ್ಣೆಯ ಜೊತೆ ಒಲೆ ಮೇಲೇ ಇಟ್ಟು ಬೇಯಿಸುತ್ತಾರೆ, ಅದನ್ನೂ ಇಟ್ಟರು. ಅವಳು ಅಣಬೆ ಸುಟ್ಟು ಎಲೆ ಕಟ್ಟಿ ನಮ್ಮ ಮುಖ್ಯಸ್ಥರಿಗೆ ಮೊದಲು ಕೊಟ್ಟಳು. ಆಮೇಲೆ ಟೇಬಲ್‌ನಲ್ಲಿ ಎಲ್ಲರಿಗೂ ಅವಳ ಅಣಬೆಯೇ ಬೇಕು. ಇಂಥ ಏರ್ಪಾಡು ಎಲ್ಲ ಕಡೆ ಆಗುವುದಿಲ್ಲ. ಜನ ಕಿಕ್ಕಿರಿದ ಶುಕ್ರವಾರ ಸಂಜೆಯಂತೂ ಆಗುವುದೇ ಇಲ್ಲ. ಮಂಗಳವಾರವೋ ಬುಧವಾರವೋ ಮುಂಚೆ ಹೇಳಿ ಹೋದರೆ ಆಗುತ್ತದೆ.

ಅಮ್ಮ ಬಂದಾಗ ಅವರನ್ನು ಜೇಜು ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕಪ್ಪು ಹಂದಿ ಪ್ರಸಿದ್ಧ. ಆ ತಳಿ ಉಳಿಯಲಿ ಅಂತ ಸರ್ಕಾರ 2015ರಲ್ಲಿ ಅದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. ಆ ರಕ್ಷಿತ ಹಂದಿಗಳನ್ನು ದ್ವೀಪದ ಪಶುಸಂಗೋಪನಾ ಕೇಂದ್ರದಲ್ಲಿ ಸಾಕುತ್ತಾರೆ, ಹೋಟೆಲುಗಳಲ್ಲಿ ಸಿಗುವುದು ಫಾರಂಗಳಲ್ಲಿ ಬೇರೆಯಾಗಿ ಬೆಳೆಸಿದ್ದು. ಅಮ್ಮನಿಗೆ ಸುವಾನ್‌ನ ಮಾಂಸದ ಬಗ್ಗೆ ಒಂದು ತಕರಾರಿತ್ತು: 'ತೊಗಲು ಎಲ್ಲಿ?' ಕೊಡಗಿನಲ್ಲಿ ಹಂದಿಯನ್ನು ತೊಗಲು ಸಮೇತ ತುಂಡು ಮಾಡಿ, ನೆಣದ ಜೊತೆಯೇ ಬೇಯಿಸಿ, ಕೊನೆಗೆ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ ಹಾಕುತ್ತೇವೆ. ತೊಗಲು ತೆಗೆದ ಹಂದಿ ಅಮ್ಮನ ಲೆಕ್ಕದಲ್ಲಿ ಅರ್ಧ ಹಂದಿ. ಜೇಜುವಿನಲ್ಲಿ ತೊಗಲು ಬಿಟ್ಟೇ ಕತ್ತರಿಸುತ್ತಾರೆ. ಅದಕ್ಕೆ ಒಗ್ಯೊಪ್ಸಾಲ್ ಅಂತ ಹೆಸರು. ತಟ್ಟೆ ಬಂದ ಕೂಡಲೇ ಅಮ್ಮ ಮಾಂಸದ ಅಂಚನ್ನು ಬೆರಳಿಂದ ಒತ್ತಿ ನೋಡಿ, 'ಇದು ಸರಿ' ಅಂದರು.

ಆ ಅಂಗಡಿಯಲ್ಲಿ ಕೆಲಸದ ಹುಡುಗನೇ ನಿಂತು ಸುಟ್ಟು ಕೊಡುತ್ತಿದ್ದ. ಜಾಲರಿಯ ಮೇಲೇ ಒಂದು ಸಣ್ಣ ಬಟ್ಟಲಲ್ಲಿ ಮೆಲ್‌ಜೊತ್ ಕುದಿಯುತ್ತಿತ್ತು. ಉಪ್ಪು ಹಾಕಿ ಹುಳಿಸಿದ ಸಣ್ಣ ಮೀನಿನ ಗೊಜ್ಜು, ಮಾಂಸವನ್ನು ಅದರಲ್ಲಿ ಅದ್ದಿ ತಿನ್ನುವುದು. ವಾಸನೆ ಜೋರು. ನನಗೆ ಒಗ್ಗಲು ಸಮಯ ಹಿಡಿದಿತ್ತು, ಅಮ್ಮನಿಗೆ ಒಂದೇ ತುತ್ತಿಗೆ ಹಿಡಿಸಿತು. ತಾನು ಕೂತು ತಿನ್ನುತ್ತಾ ಆ ಹುಡುಗ ನಿಂತೇ ಇರುವುದು ಮಾತ್ರ ಅವರಿಗೆ ಸರಿ ಕಾಣಲಿಲ್ಲ. 'ಆ ಮಗು ತಿಂದಿದೆಯೋ ಇಲ್ವೋ, ಕೇಳು' ಅಂದರು. ಕೇಳಿದೆ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿದ ಮೇಲೆ ಊಟ ಅಂದ. ಎರಡನೇ ತಟ್ಟೆ ಬಂದಾಗ ಅಮ್ಮ ಕೈ ಚಾಚಿದರು. ಅವನು ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ, ಇಕ್ಕಳ ಅಮ್ಮನ ಕೈಗೆ ಹೋಯಿತು. ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಬೆಂಕಿಯ ಪಾಠ ಬೇಕಿಲ್ಲ. ತೊಗಲಿನ ಬದಿಯನ್ನು ಕೆಳಗೆ ಮಾಡಿ ಕೆಂಡದ ಅಂಚಿನಲ್ಲಿ ನಿಲ್ಲಿಸಿದರು, ಉಬ್ಬಿ ಗುಳ್ಳೆ ಏಳುವ ತನಕ ತಾಳ್ಮೆಯಿಂದ ಕಾದರು. ಮೊದಲ ತುಂಡನ್ನು ಎಲೆಯಲ್ಲಿ ಕಟ್ಟಿ ಆ ಹುಡುಗನಿಗೇ ಕೊಟ್ಟರು. ಅವನು ಸೊಂಟ ಬಗ್ಗಿಸಿ ಎರಡು ಕೈಯಲ್ಲಿ ತೆಗೆದುಕೊಂಡು, ಆ ಕಡೆ ತಿರುಗಿ ತಿಂದ.

ಸುವಾನ್‌ನ ನಮ್ಮ ಅಂಗಡಿಯಲ್ಲಿ ಊಟ ಮುಗಿಯುವುದು ಅನ್ನದಿಂದ. ಕಾವಲಿಯಲ್ಲಿ ಉಳಿದ ಕಿಮ್ಚಿ ಮತ್ತು ಮಾಂಸದ ಚೂರುಗಳನ್ನು ಸಣ್ಣಗೆ ಕತ್ತರಿಸಿ, ಅದರ ಮೇಲೆ ಅನ್ನ ಸುರಿದು, ಒಣಗಿಸಿದ ಕಡಲಪಾಚಿಯ ಪುಡಿ ಮತ್ತು ಎಳ್ಳೆಣ್ಣೆ ಹಾಕಿ ಹುರಿಯುತ್ತಾರೆ. ಆಮೇಲೆ ತೆಳುವಾಗಿ ಹರಡಿ, ಒಲೆ ಸಣ್ಣ ಮಾಡಿ ಬಿಡುತ್ತಾರೆ. ತಳ ಹಿಡಿದು ಗರಿಗರಿಯಾದ ಮೇಲೆ ಚಮಚದಿಂದ ಕೆರೆದು ತಿನ್ನುವುದು. ಇದಕ್ಕೆ ಮುಖ್ಯಸ್ಥರ ಇಕ್ಕಳ ನಡೆಯುವುದಿಲ್ಲ, ಇಮೊ ಅವರೇ ಬಂದು ಮಾಡಬೇಕು. ಎಷ್ಟೇ ಹೊಟ್ಟೆ ತುಂಬಿದ್ದರೂ ಇದನ್ನು ಬಿಡಬೇಡಿ.

ಬಿಲ್ಲು ಬಾಗಿಲ ಹತ್ತಿರದ ಕೌಂಟರಿನಲ್ಲಿ ಕೊಡುವುದು. ಟಿಪ್ಸ್ ಕೊಡುವ ರೂಢಿ ಈ ದೇಶದಲ್ಲಿ ಇಲ್ಲ, ಇಟ್ಟರೂ ಹಿಂದೆ ಬಂದು ವಾಪಸ್ ಕೊಡುತ್ತಾರೆ. ಬಟ್ಟೆಗೆ ಹೊಡೆದುಕೊಳ್ಳಲು ಒಂದು ಸ್ಪ್ರೇ ಬಾಟಲಿ ಬಾಗಿಲಲ್ಲೇ ಇರುತ್ತದೆ, ಆದರೂ ತಲೆಗೂದಲಿನ ಹೊಗೆ ವಾಸನೆ ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆಯೇ ಹೋಗುವುದು. ಊಟದ ದುಡ್ಡು ಹಿರಿಯರು ಕೊಟ್ಟರೆ ಆಮೇಲಿನ ಕಾಫಿ ಕಿರಿಯರು ಕೊಡಿಸಬೇಕು. ತುಮಕೂರಿನ ಹುಡುಗಿ ಮತ್ತು ನಾನು ಅದನ್ನು ನಮ್ಮ ಲೆಕ್ಕಕ್ಕೆ ಹಾಕಿಕೊಂಡಿದ್ದೇವೆ.